ಕೆಂಪು ಸ್ವಿಚ್ಚಿಗೆ ವೈರೇ ಇರಲಿಲ್ಲ

ತಂಗಿ ಸುನಂದಳಿಗೆ,

ಹಾಗೆ ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಹೋದ ಭಾನುವಾರ ಸುಗಟೂರಿಗೆ ಬಂದಿದ್ದೆ. ನೀನು ಮನೆಯಲ್ಲಿರಲಿಲ್ಲ. ನಿಮ್ಮಮ್ಮ ಮುತ್ಯಾಲಮ್ಮನವರು ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ, ನನ್ನ ಹೆಸರು ಕೇಳಿ, “ಆ ಮಾಟ ಚೆಪ್ಪಿಂದಿ ನುವ್ವೇನಾ?” ಎಂದರು. ಹೌದು, ಆ ಮಾತು ಹೇಳಿದವನು ನಾನೇ ಎಂದೆ. “ಹಂಗಾದ್ರೆ ಬರ್ದು ಕೊಡು. ಓದೋದು ಬಿಡೋದು ಅವಳಿಷ್ಟ” ಅಂದರು. ಅದಕ್ಕೇ ಈ ಕಾಗದ.

ಶ್ರೀನಿವಾಸಪುರದ ಚನ್ನರಾಯಪ್ಪನವರ ಸ್ಟುಡಿಯೋದಲ್ಲಿ ನೀನು ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತಿದ್ದ ನಾಲ್ಕು ವರ್ಷವೂ ಅಲ್ಲಿನ ಕಂಪ್ಯೂಟರ್ ರಿಪೇರಿ ನನ್ನದೇ. ನಾನು ಬಂದರೆ ಕುರ್ಚಿ ಬಿಟ್ಟೆದ್ದು, “ಗಂಗಣ್ಣ, ಮೊದಲು ಟೀ ಕುಡಿ” ಅನ್ನುತ್ತಿದ್ದೆ. ಕೋಲಾರದ ಬೇರೆ ಸ್ಟುಡಿಯೋಗೆ ಹೋಗುತ್ತೇನೆಂದು ನೀನು ತಿಳಿಸಿದ ಮೂರನೇ ದಿನ ಆ ಕಂಪ್ಯೂಟರ್ ಢಬ್ಬೆಂದು ಸುಟ್ಟಿತು. ಹಾರ್ಡ್‌ಡಿಸ್ಕೂ ಹೋಯಿತು. ಕ್ಯಾಮೆರಾದ ಕಾರ್ಡ್‌ಗಳನ್ನು ಅದಾಗಲೇ ಅಳಿಸಿದ್ದರಿಂದ ಒಂದು ಮದುವೆ ಪೂರ್ತಿ ಇಲ್ಲವಾಯಿತು.

“ಹೋಗೋಳು ಸುಮ್ನೆ ಹೋಗ್ಲಿಲ್ಲ ಕಣೋ, ಏನೋ ಮಾಡಿದ್ದಾಳೆ ನೋಡು” ಎಂದರು ಚನ್ನರಾಯಪ್ಪ. ಆ ಅನುಮಾನ ಕಿವಿಗೆ ಬಿದ್ದ ಮೇಲೆ ನನ್ನ ಕಣ್ಣಿಗೂ ಬೇರೇನೂ ಕಾಣಲಿಲ್ಲ. ಕಂಪ್ಯೂಟರಿಗೆ ಕರೆಂಟ್ ಹಂಚುವ ಡಬ್ಬಿ, ಎಸ್‌ಎಂಪಿಎಸ್, ಅದರ ಹಿಂಭಾಗದ ಕೆಂಪು ಸ್ವಿಚ್ಚು 115 ವೋಲ್ಟಿನ ಕಡೆ ಸರಿದಿತ್ತು. ನಮ್ಮ ಕರೆಂಟಿಗೆ ಅದು 230ರಲ್ಲಿರಬೇಕು. “ಯಾರೋ ಬೇಕಂತಲೇ ಸರಿಸಿದ್ದಾರೆ” ಅಂದುಬಿಟ್ಟೆ. ನೀನು ನನ್ನ ಮುಖವನ್ನೇ ನೋಡಿದೆ. “ಅದು ಯಾವ ಸ್ವಿಚ್ಚು ಅಂತಾನೂ ನಂಗೆ ಗೊತ್ತಿಲ್ಲ ಗಂಗಣ್ಣ” ಅಂದೆ. ಅದನ್ನೂ ನಾಟಕವೆಂದುಕೊಂಡೆ. ಮಾತು ಕೋಲಾರ ಮುಟ್ಟಿತು. ಅವರೂ ನಿನ್ನನ್ನು ಬೇಡವೆಂದರು.

ಎರಡು ತಿಂಗಳಾದ ಮೇಲೆ ಮುಳಬಾಗಿಲಿನ ಟ್ಯೂಷನ್ ಸೆಂಟರಿನಲ್ಲಿ, ಪಾಠ ನಡೆಯುತ್ತಿದ್ದಾಗಲೇ, ಶ್ವೇತ ಟೀಚರ ಎದುರಿಗೇ ಒಂದು ಕಂಪ್ಯೂಟರ್ ಹಾಗೇ ಸುಟ್ಟಿತು. ಅದೇ ಕಂಪನಿಯ ಡಬ್ಬಿ. ಅದನ್ನೂ ನಾನೇ ಹಾಕಿದ್ದೆ. ಇಲ್ಲಿ ಯಾರ ಮೇಲೆ ಹೇಳಲಿ?

ಆ ಡಬ್ಬಿಯನ್ನು ನನ್ನ ಅಂಗಡಿಗೆ ತಂದು ನಾಲ್ಕು ಸ್ಕ್ರೂ ಬಿಚ್ಚಿದೆ. ಮೂಲೆಯಲ್ಲಿದ್ದ ನಿಮ್ಮ ಸ್ಟುಡಿಯೋದ ಡಬ್ಬಿಯನ್ನೂ ಬಿಚ್ಚಿ, ಪಕ್ಕದಲ್ಲಿ ಒಂದು ಒಳ್ಳೆಯ ಡಬ್ಬಿ ತೆರೆದಿಟ್ಟು ಹೋಲಿಸಿದೆ. ಒಳ್ಳೆಯದರಲ್ಲಿ ಕರೆಂಟ್ ಒಳಬರುವ ಕಡೆ ಅದನ್ನು ಸೋಸುವ ದಪ್ಪ ಕಾಯಿಲ್ ಇತ್ತು. ಇವೆರಡರಲ್ಲಿ ಆ ಜಾಗಕ್ಕೆ ಬರೀ ತಂತಿಯ ತುಂಡು ಬೆಸೆದಿದ್ದರು. ವೋಲ್ಟೇಜ್ ಮಿತಿ ಮೀರಿದರೆ ತಾನಾಗಿಯೇ ಆಫ್ ಮಾಡುವ ಭಾಗಗಳಿಗೆ ಬೋರ್ಡಿನ ಮೇಲೆ ಜಾಗವಿತ್ತು, ಹೆಸರೂ ಅಚ್ಚಾಗಿತ್ತು, ಭಾಗಗಳೇ ಇರಲಿಲ್ಲ. ಹಾಗಾಗಿಯೇ ಅದು ತನ್ನ ಜೊತೆ ಹಾರ್ಡ್‌ಡಿಸ್ಕನ್ನೂ ಸುಟ್ಟಿತ್ತು. ತೂಕಕ್ಕೆಂದು ತಳದಲ್ಲೊಂದು ಕಬ್ಬಿಣದ ಪಟ್ಟಿ ಅಂಟಿಸಿದ್ದರು.

ಆಮೇಲೆ ಕೆಂಪು ಸ್ವಿಚ್ಚಿನ ಹಿಂಭಾಗ ನೋಡಿದೆ. ಅಲ್ಲಿಂದ ಬೋರ್ಡಿಗೆ ಎರಡು ವೈರು ಹೋಗಬೇಕು. ಒಂದೂ ಇರಲಿಲ್ಲ. ತಗಡಿನ ತೂತಿಗೆ ಸುಮ್ಮನೆ ಸಿಕ್ಕಿಸಿದ ಸ್ವಿಚ್ಚು ಅದು. ಎತ್ತ ಸರಿಸಿದರೂ ಏನೂ ಆಗುವಂತಿರಲಿಲ್ಲ. ಪ್ಯಾಕ್ ಒಡೆಯದೆ ಉಳಿದಿದ್ದ ಅದೇ ಕಂಪನಿಯ ಮತ್ತೊಂದನ್ನು ತೆಗೆದೆ. ಅದರ ಸ್ವಿಚ್ಚೂ 115ರಲ್ಲೇ ಇತ್ತು.

ಸುನಂದ, ಆ ಡಬ್ಬಿ ಮಾರಿದ್ದು ನಾನು. ಒಳಗೆ ಏನಿದೆಯೆಂದು ಒಮ್ಮೆಯೂ ನೋಡಿರಲಿಲ್ಲ. ಅವತ್ತು ನಿನ್ನನ್ನು ಅನುಮಾನಿಸಿದ್ದು ಸ್ವಿಚ್ಚು ನೋಡಿಯೋ, ತಪ್ಪು ನಿನ್ನದಾದರೆ ನಾನು ಪಾರಾಗುತ್ತೇನೆಂದೋ? ಈಗ ನನ್ನ ಅನುಮಾನವೆಲ್ಲ ನನ್ನ ಮೇಲೆಯೇ.

ಚನ್ನರಾಯಪ್ಪನವರಿಗೆ ತೋರಿಸಿದೆ. “ಆಗಿದ್ದು ಆಗೋಯ್ತು ಬಿಡೋ” ಅಂದರು. ನಾನು ಬಿಡಲಿಲ್ಲ. ವಿಡಿಯೋ ಕಳೆದುಕೊಂಡ ಮದುಮಗಳು ಚಂದನಳ ಮನೆಗೆ ಹೋಗಿ, ನಾಲ್ಕು ಡಬ್ಬಿಯನ್ನೂ ತೆರೆದಿಟ್ಟು ಎಲ್ಲವನ್ನೂ ಹೇಳಿದೆ. ಅವಳ ತಂದೆ ಶ್ರೀರಾಮಪ್ಪನವರು ವೈರಿಲ್ಲದ ಸ್ವಿಚ್ಚನ್ನು ಅತ್ತಿತ್ತ ಸರಿಸಿ ನೋಡಿ, “ಆ ಹುಡುಗೀನ ನಾನೂ ಬೈದಿದ್ದೆ” ಅಂದರು. ಕೋಲಾರದ ಸ್ಟುಡಿಯೋದವರಿಗೂ ತೋರಿಸಿ ಬಂದಿದ್ದೇನೆ. “ಅವರು ಬರೋದಾದ್ರೆ ಬರ್ಲಿ” ಎಂದಿದ್ದಾರೆ. ಹೋಗುವುದು ಬಿಡುವುದು ನಿನಗೆ ಸೇರಿದ್ದು.

ಕ್ಷಮಿಸು ಎಂದು ಕೇಳುವ ಧೈರ್ಯ ನನಗಿಲ್ಲ. ಶ್ರೀರಾಮಪ್ಪನವರದು, ಕೋಲಾರದ ಸ್ಟುಡಿಯೋದವರದು, ಇಬ್ಬರ ಫೋನ್ ನಂಬರನ್ನೂ ಕಾಗದದ ಹಿಂದುಗಡೆ ಬರೆದಿದ್ದೇನೆ. ಕೇಳಿ ನೋಡು. ನಾನು ಹೇಳಿದೆನೆಂಬ ಒಂದೇ ಕಾರಣಕ್ಕೆ ಇದನ್ನು ನಂಬಬೇಡ.

ನಿನ್ನ ಹೆಸರು ಎಲ್ಲ ಕಡೆ ತಲೆಯೆತ್ತಿ ನಿಲ್ಲಲಿ.

ಇಂತಿ,
ಗಂಗಾಧರ್