ಲಕ್ಷ್ಮಿಯ ಮುಖ ಮುಚ್ಚಬಾರದಂತೆ

ಚಳ್ಳಕೆರೆ,
೪-೧೧-೧೯೯೮

ಪ್ರೀತಿಯ ಅವ್ವನಿಗೆ ದಾಕ್ಷಾಯಿಣಿ ಮಾಡುವ ನಮಸ್ಕಾರಗಳು.

ಮೊಳಕಾಲ್ಮೂರಿನಲ್ಲಿ ತಂಗಿ, ಕೂಸು ಇಬ್ಬರೂ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಬಾಣಂತಿಯ ಎದುರಿಗೆ ಈ ಕಾಗದ ಓದಬೇಡ. ಫೋನ್ ಮಾಡಿದರೆ ಜಗಳವೇ ಆಗುತ್ತದೆಂದು ಬರೆಯುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ನಮ್ಮ ಎಣ್ಣೆ ಮಿಲ್ಲಿನಿಂದ ಬಸವಲಿಂಗಮ್ಮನನ್ನು ಆಸ್ಪತ್ರೆಗೆ ಹೊತ್ತು ತಂದರು. ಹೌದವ್ವಾ, ನಮ್ಮ ಬಸವಲಿಂಗಮ್ಮನೇ, ನನ್ನನ್ನು ಎತ್ತಿ ಆಡಿಸಿದವಳು. ಶೇಂಗಾ ಸುಲಿಯುವ ಮಷೀನಿನ ಬೆಲ್ಟಿಗೆ ಜಡೆ ಸಿಕ್ಕಿ, ನೆತ್ತಿಯ ಚರ್ಮ ಕೂದಲ ಸಮೇತ ಕಿತ್ತು ಬಂದಿತ್ತು. ಅಯ್ಯೋ ಶಿವನೇ! ಎಷ್ಟೋ ಗಾಯ ಹೊಲಿದ ಡಾಕ್ಟರು ನಾನು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿದ ಕೂಡಲೇ ಗೋಡೆ ಹಿಡಿದುಕೊಂಡೆ. ರಕ್ತ ನಿಲ್ಲಿಸಿ ದಾವಣಗೆರೆಗೆ ಕಳಿಸಿದೆ. ಜೀವಕ್ಕೆ ಅಪಾಯವಿಲ್ಲವೆಂದು ಅಲ್ಲಿಂದ ಫೋನ್ ಬಂತು. ಕೂದಲು ಮಾತ್ರ ಇನ್ನು ಬರುವುದಿಲ್ಲ.

ದೀಪಾವಳಿಯ ಹಿಂದೆ ಮುಂದೆ ಬೇರೆ ಮಿಲ್ಲಿನ ಹೆಣ್ಣಾಳುಗಳೂ ಹೀಗೇ ಬಂದಿದ್ದರು. ಒಬ್ಬಳ ಬೆರಳು ಹೋಗಿತ್ತು, ಇನ್ನೊಬ್ಬಳ ಮುಂಗೈ ಜಜ್ಜಿತ್ತು. ಹೆಂಗಾಯ್ತು ಎಂದು ಕೇಳಿದರೆ 'ನಮ್ ಗ್ರಾಚಾರ ಕಣಮ್ಮ' ಎನ್ನುತ್ತಿದ್ದರು. ಯಾವ ಗ್ರಹಚಾರ ಇದು, ಶೇಂಗಾ ಸುಲಿಯುವವರನ್ನೇ ಹುಡುಕಿಕೊಂಡು ಬರುವುದು? ಆಸ್ಪತ್ರೆಯಿಂದ ನೇರ ಮಿಲ್ಲಿಗೆ ನಡೆದೆ.

ಬೆಲ್ಟು ಬರಿಮೈಯಲ್ಲಿತ್ತು. ಅದರ ತಗಡಿನ ಮುಚ್ಚಳ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಇದನ್ನು ಬಿಚ್ಚಿದವರು ಯಾರು ಎಂದು ಮೆಕ್ಯಾನಿಕ್ ಬಾಬು ಸಾಬರ ಮೇಲೆ ರೇಗಿದೆ. ಪಾಪ, ಅವರು ತಲೆ ತಗ್ಗಿಸಿ, 'ಆಯುಧಪೂಜೆಗೆ ಬಿಚ್ಚಿದ್ದು ಡಾಕ್ಟ್ರಮ್ಮಾ. ಆಮ್ಯಾಲೆ ಹಾಕಾಕೆ ಹೋದೆ, ದೊಡ್ಡಮ್ಮಾರು ಬ್ಯಾಡ ಅಂದ್ರು. ಪೂಜೆ ಮಾಡಿದ ಲಕ್ಷ್ಮಿ ಮುಖ ಮುಚ್ಚಬಾರ್ದಂತೆ' ಎಂದರು. ದೊಡ್ಡಮ್ಮಾರು ಎಂದರೆ ನೀನು, ಅವ್ವಾ! ಅಪ್ಪನ ಹೆಸರು ಹಿಡಿದು, 'ಹಾಲೇಶಪ್ಪನವರ ಮನೆಯಾಕೆಯೇ ಹೇಳಿದ್ದಾರಂತೆ' ಎಂದು ಉಳಿದ ಮಿಲ್ಲಿನವರೂ ಮುಚ್ಚಳ ಬಿಚ್ಚಿಟ್ಟಿದ್ದಾರೆ.

ಈಗಲೇ ಹಾಕಿಸಿ ಎಂದರೆ ಅಪ್ಪ 'ನಿಮ್ಮವ್ವ ಬರ್ಲಿ ತಡಿಯೇ. ಹೊಲಿಯೋದು ನಿನ್ ಕೆಲ್ಸ, ಮಿಲ್ಲು ನನ್ ಕೆಲ್ಸ' ಎಂದುಬಿಟ್ಟರು. ಮೈಯೆಲ್ಲ ಉರಿದುಹೋಯಿತು. ಹೊಲಿಯುವ ಪ್ರಸಂಗ ಬಾರದಂತೆ ನೋಡಿಕೊಳ್ಳುವುದೂ ಡಾಕ್ಟರ ಕೆಲಸವೇ ಅಪ್ಪ ಎಂದು ಹೇಳಿ, ಮೇನ್ ಸ್ವಿಚ್ಚಿನ ಫ್ಯೂಜು ಕಿತ್ತು ಬ್ಯಾಗಿಗೆ ಹಾಕಿಕೊಂಡು ಬಂದೆ. ಅದು ಇನ್ನೂ ನನ್ನ ಬಳಿಯೇ ಇದೆ. ಮಿಲ್ಲು ನಿಂತಿದೆ, ಅಪ್ಪ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ.

ಕಾಗದ ಮುಟ್ಟಿದ ದಿನವೇ ಬಸ್ಸು ಹತ್ತು. ಬಾಣಂತಿಯನ್ನು ಅವಳ ಅತ್ತೆ ನೋಡಿಕೊಳ್ಳಲಿ. ಹೆಣ್ಣಾಳುಗಳೆಲ್ಲ ನೋಡುವಂತೆ ಆ ಮುಚ್ಚಳವನ್ನು ನೀನೇ ಮುಂದೆ ನಿಂತು ಹಾಕಿಸು. ಕುಂಕುಮ ಬೇಕಾದರೆ ಮುಚ್ಚಳಕ್ಕೇ ಹಚ್ಚು, ಲಕ್ಷ್ಮಿ ಮುನಿಯುವುದಿಲ್ಲ. ಆಮೇಲೆ ಉಳಿದ ಮಿಲ್ಲುಗಳಿಗೂ ನನ್ನ ಜೊತೆ ಬಾ. ನಾನು ಹೇಳಿದರೆ ಅವರು ತಲೆಯಾಡಿಸಿ ಕಳಿಸುತ್ತಾರೆ, ನಿನ್ನ ಮಾತು ನಡೆಯುತ್ತದೆ. ನಿನ್ನ ಮೇಲೆ ಸಿಟ್ಟಿದೆ ಅವ್ವಾ, ಬಹಳ ಇದೆ. ಆದರೂ ಬಾ.

ಇಂತಿ ನಿನ್ನ ಮಗಳು,
ದಾಕ್ಷಾಯಿಣಿ

ಮತ್ತೆ: ಇದನ್ನು ಬರೆಯಬಾರದೆಂದುಕೊಂಡಿದ್ದೆ. ವ್ಯಾನಿಗೆ ಹತ್ತಿಸುವಾಗ ಬಸವಲಿಂಗಮ್ಮ ನನ್ನ ಕೈ ಬಿಡಲೇ ಇಲ್ಲ. 'ಕೂದ್ಲು ನಾನೇ ಸರಿಯಾಗಿ ಕಟ್ಟಿರ್ಲಿಲ್ಲ ಅಂತ ಹೇಳವ್ವ. ಮುಚ್ಚಳದ ಸುದ್ದಿ ಅಮ್ಮಾರಿಗೆ ಹೇಳಬ್ಯಾಡ, ನೊಂದ್ಕಂತಾರೆ' ಎಂದಳು. ಯಾವ ಮುಚ್ಚಳವೆಂದು ತಿಳಿಯಲೆಂದೇ ನಾನು ಮಿಲ್ಲಿಗೆ ಹೋಗಿದ್ದು.