ನಿನ್ನ ಸಿನಿಮಾದ ಅಪ್ಪ

ಮಗಳೇ,

ಹೀಗೆ ಕರೆಯುತ್ತಿರುವುದು ಇದೇ ಮೊದಲು. ನೀನು ಹೆಣ್ಣೆಂದು ಹೇಳಿಕೊಂಡಾಗಲೂ ಮಗನೆಂದೇ ಹಟ ಹಿಡಿದಿದ್ದವನು ನಾನು. ನಿನ್ನಂಥವರ ಚಿತ್ರೋತ್ಸವದಲ್ಲಿ ನೀನೇ ತೆಗೆದ ನಿನ್ನ ಬದುಕಿನ ಸಿನಿಮಾ ಇದೆಯೆಂದು ತಿಳಿದು, ಇವತ್ತು ಹೋಗಿ ಕೊನೆಯ ಸಾಲಿನಲ್ಲಿ ಕೂತೆ.

ಕತ್ತಲಲ್ಲಿ ನಿನ್ನ ದನಿ ತೇಲಿ ಬಂತು. ತೆರೆಯ ಮೇಲೆ ನಮ್ಮ ಟೈಲರ್ ಅಂಗಡಿ, ಬಿಸಿಲುಕೋಲಿನಲ್ಲಿ ಈಜುವ ನೂಲಿನ ಎಳೆಗಳು. “ಮಿಕ್ಕಿದ ಬಣ್ಣದ ಚೂರೆಲ್ಲ ಅಪ್ಪ ನನಗೇ ಅಂತ ಎತ್ತಿಡ್ತಿದ್ರು,” ಎಂದು ನೀನು ನಗುತ್ತಿದ್ದೆ. ಮಿಷನ್ನಿನ ಕೆಳಗೆ ಕೂತ ಏಳು ವರ್ಷದ ನಿನ್ನ ನೆತ್ತಿ ನನ್ನ ಮೊಣಕಾಲಿಗೆ ತಾಗಿದಂತಾಯಿತು.

ನಾನು ಅಂಗಡಿಯ ಕತ್ತರಿಯಲ್ಲೇ ನಿನ್ನ ಜಡೆ ಕತ್ತರಿಸಿ ಮನೆಯಿಂದ ನೂಕಿದ್ದು ಈಗ ಬರುತ್ತದೆಂದು ಕಾಯುತ್ತಲೇ ಕೂತೆ. ಬರಲೇ ಇಲ್ಲ.

ಸಿನಿಮಾ ಮುಗಿದಾಗ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡು, “ಎಂಥಾ ಒಳ್ಳೆ ಅಪ್ಪ, ಅಲ್ವಾ?” ಎಂದರು.

“ಹೂಂ” ಎಂದೆ. ನೀನು ವೇದಿಕೆ ಹತ್ತುವ ಮೊದಲೇ ಎದ್ದು ಬಂದುಬಿಟ್ಟೆ.