ಟೊಪ್ಪಿಯಿಲ್ಲದ ತೋಳ

ವೈಸೆನ್‌ಬಾಖ್
1632ರ ಮೇ, ಗುರುವಾರ

ಪ್ರೀತಿಯ ಮೆಲ್ಕಿಯೋರಣ್ಣ,

ಹೆಬ್ಬೆರಳಿನ ಗಾಯ ಮಾಯಿತೆ? ಉಳಿ ಹಿಡಿಯುವ ಕೈ, ಕೀವಾಗಲು ಬಿಡಬೇಡ. ಸ್ಟ್ರಾಸ್‌ಬುರ್ಗಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿದೆಯೆ? ಇಲ್ಲಿ ಅಪ್ಪನ ಕೆಮ್ಮು ಕಡಿಮೆಯಾಗಿದೆ, ಮಾತು ಜಾಸ್ತಿಯಾಗಿದೆ. ಯಾಕೆಂದು ಹೇಳುತ್ತೇನೆ.

ಈ ಬೆಳಿಗ್ಗೆ ಎದುರುಮನೆಯ ಬಾಗಿಲಲ್ಲಿ ಗುಬ್ಬಚ್ಚಿಗಳು ಒಂದು ಕಾಗದದ ಅಂಚನ್ನು ಕುಕ್ಕುತ್ತಿದ್ದವು. ಅಂಟಿನ ಹಿಟ್ಟು ಅವಕ್ಕೆ ರುಚಿಯಾಗಿತ್ತು. ಹತ್ತಿರ ಹೋದರೆ ನೀನು ಮರದ ಹಲಗೆಯಲ್ಲಿ ಕೆತ್ತಿದ ತೋಳ. ಪೋಪರ ಪಾದ್ರಿಯ ಟೊಪ್ಪಿ ಹಾಕಿಕೊಂಡು, ಕೊರಳಿಗೆ ವಸ್ತ್ರ ಕಟ್ಟಿಕೊಂಡು, ಕುರಿಯನ್ನು ತಟ್ಟೆಯಲ್ಲಿಟ್ಟುಕೊಂಡು ತಿನ್ನುವ ಅದೇ ತೋಳ. ಅಂಟಿಸಿದ್ದು ರೊಟ್ಟಿ ಸುಡುವ ವಾಲ್‌ಬುರ್ಗಾ ಚಿಕ್ಕಮ್ಮನ ಬಾಗಿಲಿಗೆ.

ನೀನು ಮರೆತಿರಲಾರೆ. ಪೋಪರ ಕಡೆಯವರು ನಮ್ಮ ಚರ್ಚಿಗೆ ಬೀಗ ಜಡಿದು, ಈ ಚಿತ್ರ ಕೆತ್ತಿದ್ದಕ್ಕಾಗಿ ನಿನ್ನನ್ನು ಬೀದಿಬೀದಿ ಹುಡುಕಿದಾಗ, ತಾನೂ ಪೋಪರ ಮತದವಳೇ ಆದ ಚಿಕ್ಕಮ್ಮ ನಿನ್ನನ್ನು ಹಿಟ್ಟಿನ ಕೋಣೆಯಲ್ಲಿ ಅಡಗಿಸಿದಳು. ಕಾವಲಿನವರು ಬಂದರೆ, "ಒಳಗೆ ಹೆಗ್ಗಣ ಇದೆ ಕಣ್ರಪ್ಪಾ, ಹಿಡ್ಕೊಡ್ತೀರಾದ್ರೆ ಬನ್ನಿ, ಒಂದು ರೊಟ್ಟಿ ಜಾಸ್ತಿ ಕೊಡ್ತೀನಿ" ಅಂದಳು. ಅವರು ನಗುತ್ತಾ ಹೋದರು. ನೀನು ಬಿಳಿಯ ದೆವ್ವದ ಹಾಗೆ ಹೊರಬಂದೆ.

ಈಗ ಸ್ವೀಡನ್ನಿನ ಪಡೆ ಬಂದಿದೆ, ಲೂಥರ್ ಮತದ ನಮ್ಮವರ ಕೈ ಮೇಲಾಗಿದೆ. ನಮ್ಮ ಚರ್ಚಿನ ಬೀಗ ತೆಗೆದ ದಿನ ನಾನೂ ಸಂತೋಷಕ್ಕೆ ಅತ್ತೆ. ಮುಂದಿನ ವಾರ ಅದೇ ಬೀಗವನ್ನು ಒಯ್ದು ಅವರ ಚರ್ಚಿಗೆ ಹಾಕಿದರು. ಅದೇ ಬೀಗ ಅಣ್ಣಾ, ಹೊಸದನ್ನು ಕೊಳ್ಳುವ ನಾಚಿಕೆಯೂ ಇಲ್ಲ. ಊರಿನ ಹೊಸ ಯಜಮಾನ ಡೀಪೋಲ್ಟ್ ಅಪ್ಪನ ಅಚ್ಚುಮನೆಗೆ ಬಂದು, "ನಿನ್ನ ಮಗನ ತೋಳ ಅಂದ್ರೆ ಒಂದು ದಂಡೇ ಕಣಯ್ಯಾ. ಪೋಪರ ಕಡೆಯವರ ಒಂದೊಂದು ಬಾಗಿಲಿಗೂ ಒಂದೊಂದು ಬೇಕು" ಎಂದು ಅಪ್ಪನ ಬೆನ್ನು ತಟ್ಟಿದ. ಅಪ್ಪ ಬೆಣ್ಣೆಯಾದರು. ತೋಳ ಅಂಟಿದ ಮನೆಗೆ ಸೈನಿಕರು ನುಗ್ಗಬಹುದು. ಇದು ಯಾರೂ ಬಾಯಿಬಿಟ್ಟು ಹೇಳದ ಕಾನೂನು. ಚಿಕ್ಕಮ್ಮನ ಹಿಟ್ಟಿನ ಮೂಟೆಗಳು ಹೋದವು. ಅದೇ ಹಿಟ್ಟಿನಲ್ಲಿ ಅಂಟು ಕಾಯಿಸಿ ಉಳಿದ ಬಾಗಿಲುಗಳಿಗೆ ಬಳಿಯುತ್ತಿದ್ದಾರೆ. ಭಾನುವಾರದೊಳಗೆ ಅವಳು ಊರು ಬಿಡಬೇಕಂತೆ.

ಅಪ್ಪನ ಎದುರು ನಾನು ಹೆಚ್ಚು ಮಾತಾಡುವವಳಲ್ಲ, ನಿನಗೆ ಗೊತ್ತು. ಇವತ್ತು ಮಾತ್ರ, ನಿನ್ನನ್ನು ಉಳಿಸಿದವಳ ಬಾಗಿಲಿಗೂ ತೋಳವೆ ಎಂದು ಕೇಳಿದೆ. ಅವರು ಶಾಯಿ ಅರೆಯುತ್ತಲೇ, "ಟೊಪ್ಪಿ ಬದಲಾಗುತ್ತೆ ಮಗಳೇ, ತೋಳದ ಹೊಟ್ಟೆ ಅದೇ. ಅಚ್ಚು ಹಾಕೋರಿಗೆ ಯಾಕೆ ಉಸಾಬರಿ" ಅಂದರು. ತಿಳಿಯದೆ ಆಡಿದ ಮಾತಾಗಿದ್ದರೆ ಕ್ಷಮಿಸುತ್ತಿದ್ದೆ. ಯಾರು ಗೆದ್ದರೂ ಹಲಗೆ ದಂಡವಾಗಬಾರದೆಂದು, ಟೊಪ್ಪಿಯನ್ನು ಬೇರೆ ತುಂಡಿನಲ್ಲಿ ಕೆತ್ತಿಸಿ, ಬೇಕಾದಾಗ ಕಿತ್ತು ಬದಲಿಸುವಂತೆ ಹಲಗೆಯ ಗುಳಿಯೊಳಗೆ ಕೂರಿಸಿದವರು ಅವರೇ ಅಲ್ಲವೆ?

ಚಿಕ್ಕಮ್ಮ ಮಾತ್ರ ಬೈಯಲಿಲ್ಲ. ಬಾಗಿಲ ಮುಂದೆ ನಿಂತು ಬಹಳ ಹೊತ್ತು ನೋಡಿದಳು. "ಮೆಲ್ಕಿಯೋರನ ಕೈ ಚೆನ್ನಾಗಿದೆ ಕಣೇ. ಕುರಿ ಮುಖ ಯಾಕೋ ನನ್ನ ಹಾಗೇ ಕಾಣುತ್ತೆ" ಅಂದಳು.

ದೇವರು ನಿನ್ನನ್ನು ಕಾಯಲಿ. ಯಾರ ದೇವರಾದರೂ ಸರಿ.

ನಿನ್ನ ತಂಗಿ,
ಅಪೊಲೋನಿಯಾ

ಮರೆತ ಮಾತು: "ನಮ್ಮ ಕಾಲ ಬಂತು, ಊರಿಗೆ ಬಾ" ಎಂದು ಅಪ್ಪ ನಿನಗೆ ಬರೆದಿದ್ದಾರೆ. ಬರಬೇಡ. ಕಾಗದದ ಜೊತೆ ಕಳಿಸಿದ ಗಂಟಿನಲ್ಲಿರುವ ಮರದ ತುಂಡು ತೋಳದ ಟೊಪ್ಪಿ, ನಾನೇ ಕಿತ್ತೆ. ಶನಿವಾರದ ಸಂತೆಗೆ ತೋಳ ಬರಿತಲೆಯಲ್ಲಿ ಹೋಗುತ್ತದೆ. ಕೆಳಗೆ ಒಂದೇ ಸಾಲು: "ಟೊಪ್ಪಿ ಯಾರದೆಂದು ಕೇಳಬೇಡಿ, ತಟ್ಟೆಯಲ್ಲಿ ಯಾರೆಂದು ನೋಡಿ." ಅದರ ಕೆಳಗೆ ನನ್ನ ಹೆಸರಿನ ಅಚ್ಚುಮೊಳೆ ಜೋಡಿಸಿದ್ದೇನೆ. ಭಾನುವಾರ ಚಿಕ್ಕಮ್ಮನ ಪೆಟ್ಟಿಗೆಯ ಒಂದು ಹಿಡಿಕೆ ಹಿಡಿದು ನಾನೂ ನಿನ್ನಲ್ಲಿಗೆ ಹೊರಡುತ್ತೇನೆ. ಅವಳು ಮೆಟ್ಟಿಲು ಹತ್ತಲಾರಳು, ಕೆಳಗೇ ಹಾಸಿಗೆ ಹಾಸು. ಟೊಪ್ಪಿಯನ್ನು ಒಲೆಗೆ ಹಾಕಿ ಅವಳ ಕಾಲಿಗೆ ನೀರು ಕಾಯಿಸು.